ಕಾಫಿ ನಾಡಿನ ಮರಕ್ಕೆ ಬಣ್ಣ: ಕಡೆದ ಲೇಖನಿಗಳ ಹಿಂದಿರುವ ರಂಗಿನ ವಿದ್ಯೆ

ಚಿಕ್ಕಮಗಳೂರು, ಮೂಡಿಗೆರೆ ಹಾಗೂ ಕಳಸ ಭಾಗದ ತೋಟಗಳಲ್ಲಿ ಪ್ರತಿವರ್ಷ ಕಿತ್ತು ಹಾಕುವ ಕಾಫಿ ಗಿಡಗಳ ಬೊಡ್ಡೆಗಳು ಸಾಮಾನ್ಯವಾಗಿ ಸೇರುವುದು ಬಚ್ಚಲ ಒಲೆಯನ್ನು. ನೆರಳಿಗಾಗಿ ಬೆಳೆಸಿದ ಸಿಲ್ವರ್ ಓಕ್ ಮರದ ದಿಮ್ಮಿಗಳು ಲಾರಿಯೇರಿ ಪ್ಲೈವುಡ್ ಕಾರ್ಖಾನೆಗಳಿಗೆ ಸಾಗುತ್ತವೆ. ಆದರೆ ಇದೇ ಮರದ ಅಂಗೈಯುದ್ದದ ತುಂಡೊಂದನ್ನು ಲೇತ್ ಯಂತ್ರಕ್ಕೆ ಕೊಟ್ಟು, ಕಡೆದು, ಬಣ್ಣ ಕಟ್ಟಿ, ಅರಗಿನ ಹೊಳಪು ನೀಡಿದರೆ ಅದು ಲೇಖನಿಯಾಗುತ್ತದೆ. ಸೌದೆಯ ತೂಕದಲ್ಲಿ ಬೆಲೆ ಕಟ್ಟಲಾಗುತ್ತಿದ್ದ ವಸ್ತು ಉಡುಗೊರೆಯ ಪೆಟ್ಟಿಗೆ ಸೇರುತ್ತದೆ.

ಈ ಪರಿವರ್ತನೆಯ ನಡುವಿನ ಹಂತವೇ ಬಣ್ಣ ಕಟ್ಟುವುದು. ನೋಡಲು ಸುಲಭ ಎನಿಸಿದರೂ ಕೈಕೆಲಸದ ಲೇಖನಿಗಳು ಹಾಳಾಗುವುದು ಹೆಚ್ಚಾಗಿ ಈ ಹಂತದಲ್ಲಿಯೇ. ಕೈಗೆ ಬಣ್ಣ ಹತ್ತುವುದು, ಕೆಲವೇ ತಿಂಗಳಲ್ಲಿ ಮಾಸುವುದು, ಬಿರುಕು ಬಿಡುವುದು ಇವೆಲ್ಲವುಗಳಿಗೂ ಕಾರಣ ಮರ, ನೀರು ಮತ್ತು ಬಣ್ಣಗಳ ಪರಸ್ಪರ ಸಂಬಂಧವನ್ನು ಅರಿಯದಿರುವುದು. ಬಣ್ಣದ ನೆಪದಲ್ಲಿ ಅಗ್ಗದ ಮರವನ್ನು ಬೀಟೆಯೆಂದು ಮಾರುವ ಅಪಾಯವೂ ಇಲ್ಲಿದೆ. ಈ ಹಿನ್ನೆಲೆಯಲ್ಲಿ ಕಾಫಿ ನಾಡಿನ ಮರಗಳು, ಅವುಗಳಿಗೆ ಹೊಂದುವ ಬಣ್ಣಗಳು ಮತ್ತು ಬಣ್ಣ ಕಟ್ಟುವ ಕ್ರಮದ ಪರಿಚಯ ಇಲ್ಲಿದೆ.

ಬಣ್ಣ ಏಕೆ ಬೇಕು?

ಬೀಟೆ, ತೇಗ, ಹಲಸು, ಹೊನ್ನೆಯಂತಹ ಮರಗಳಿಗೆ ತಮ್ಮದೇ ಆದ ಬಣ್ಣವಿದೆ. ಮೈಸೂರಿನ ಪ್ರಸಿದ್ಧ ಬೀಟೆ ಮರದ ಕುಂದಣ ಕಲೆಯ ಸೊಗಸಿರುವುದೇ ಬೇರೆ ಬೇರೆ ಮರಗಳ ಸಹಜ ವರ್ಣಗಳನ್ನು ಒಂದರ ಪಕ್ಕ ಒಂದಿಟ್ಟು ಚಿತ್ರ ಮೂಡಿಸುವುದರಲ್ಲಿ. ಅಂತಹ ಮರಕ್ಕೆ ಬಣ್ಣ ಬಳಿಯುವುದು ಅನಗತ್ಯ.

ಆದರೆ ಬೀಟೆ ಈಗ ಸುಲಭವಾಗಿ ಸಿಗುವ ಮರವಲ್ಲ. ತೋಟದೊಳಗೇ ಬೆಳೆದಿದ್ದರೂ ಅದನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಬೀಟೆ ಸೇರಿರುವ ಡಾಲ್ಬೆರ್ಜಿಯಾ ಕುಲವನ್ನು 2017ರ ಜನವರಿಯಿಂದ ಅಳಿವಿನಂಚಿನ ಪ್ರಭೇದಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧಕ್ಕೆ ಸೇರಿಸಲಾಯಿತು. ಇದರಿಂದ ಭಾರತದ ಕರಕುಶಲ ವಸ್ತುಗಳ ರಫ್ತಿಗೆ ಪೆಟ್ಟು ಬಿದ್ದಿತು. ಸಿದ್ಧವಸ್ತುಗಳಿಗೆ ಸಂಬಂಧಿಸಿದ ನಿಯಮ ನಂತರ ಸಡಿಲಗೊಂಡು, 2022ರ ನವೆಂಬರ್‌ನಲ್ಲಿ ಪನಾಮಾದಲ್ಲಿ ನಡೆದ ಸಮ್ಮೇಳನದಲ್ಲಿ ತಲಾ 10 ಕಿಲೋಗಿಂತ ಕಡಿಮೆ ತೂಗುವ ವಸ್ತುಗಳ ಬಗ್ಗೆ ಸ್ಪಷ್ಟನೆ ದೊರೆಯಿತು. ಕೆಲವೇ ಗ್ರಾಂ ತೂಗುವ ಲೇಖನಿಗೆ ಇದು ಅನುಕೂಲಕರ. ಆದರೂ ಮರ ಎಲ್ಲಿಂದ ಬಂದಿತು ಎಂಬ ದಾಖಲೆಯ ಹೊಣೆ ತಪ್ಪುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ಸಿಲ್ವರ್ ಓಕ್, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಲ್ಲಿ ಕಡಿಯುವ ಅನುಮತಿಯಿಂದ ವಿನಾಯಿತಿ ಪಡೆದ ಮರಗಳ ಪಟ್ಟಿಯಲ್ಲಿದೆ. ಕಾಫಿ ಗಿಡವಂತೂ ಬೆಳೆಗಾರನದೇ ಬೆಳೆ. ಇವೆರಡೂ ತಿಳಿ ಬಣ್ಣದ ಮರಗಳು. ತಿಳಿ ಬಣ್ಣವೇ ಇವುಗಳ ಕೊರತೆ ಮತ್ತು ಅನುಕೂಲ ಎರಡೂ ಹೌದು. ಹಾಗೆಯೇ ಬಿಟ್ಟರೆ ಕಣ್ಣಿಗೆ ಸಪ್ಪೆ. ಬಣ್ಣ ಕಟ್ಟಲು ಮಾತ್ರ ಹೇಳಿ ಮಾಡಿಸಿದಂತಹ ಹಿನ್ನೆಲೆ.

ತೋಟದ ಎರಡು ಮರಗಳು

ಬಾಬಾಬುಡನ್ ಎಂಬ ಸೂಫಿ ಸಂತರು 17ನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರತೀತಿ. ಅಂದಿನಿಂದ ಕಾಫಿಯ ಬೀಜಕ್ಕೆ ಸಿಕ್ಕ ಮನ್ನಣೆ ಅದರ ಮರಕ್ಕೆ ಸಿಕ್ಕಿಲ್ಲ. ಕಾಫಿ ಕಾಂಡ ಗಟ್ಟಿ, ಎಳೆಗಳು ಬಲು ನಯ. ಬಣ್ಣ ಕೆನೆಯಿಂದ ತಿಳಿ ಕಂದಿನವರೆಗೆ. ಹರಿತವಾದ ಉಳಿಗೆ ಇದು ಬೆಣ್ಣೆಯಂತೆ ಒಗ್ಗುತ್ತದೆ, ನಯಗಾರಿಕೆಯ ನಂತರ ದಂತದ ಹೊಳಪು ಪಡೆಯುತ್ತದೆ. ಆದರೆ ಕಾಂಡ ಸಣ್ಣದು, ಗಂಟುಗಳು ಹೆಚ್ಚು, ನಡುವೆ ತಿರುಳಿನ ರಂಧ್ರವಿರುತ್ತದೆ. ಹಸಿ ಬೊಡ್ಡೆಯನ್ನು ಇಡಿಯಾಗಿ ಒಣಗಿಸಿದರೆ ತಿರುಳಿನಿಂದ ಹೊರಕ್ಕೆ ಸೀಳು ಬಿಡುವುದು ಖಚಿತ. ಹೀಗಾಗಿ ಕಾಂಡವನ್ನು ಹಸಿಯಿದ್ದಾಗಲೇ ಉದ್ದಕ್ಕೆ ಸೀಳಿ, ತಿರುಳನ್ನು ತೆಗೆದು, ಎರಡು ತುದಿಗಳಿಗೂ ಮೇಣ ಬಳಿದು ಇಡುವುದು ಕ್ರಮ. ಹಳೆಯ ರೋಬಸ್ಟಾ ಗಿಡಗಳ ಬೊಡ್ಡೆ ದಪ್ಪವಾಗಿದ್ದು ಇದಕ್ಕೆ ಹೆಚ್ಚು ಅನುಕೂಲ.

ಅರೇಬಿಕಾ ಕಾಂಡದಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ಬೆಳೆಗಾರರ ಪರಮಶತ್ರುವಾದ ಬಿಳಿ ಕಾಂಡಕೊರಕ ಹುಳು ಈ ಕಾಂಡದೊಳಗೆ ಸುಮಾರು ಒಂಬತ್ತು, ಹತ್ತು ತಿಂಗಳು ಸುರಂಗ ಕೊರೆಯುತ್ತಾ ಬದುಕುತ್ತದೆ. ಏಪ್ರಿಲ್–ಮೇ ಹಾಗೂ ಅಕ್ಟೋಬರ್–ಡಿಸೆಂಬರ್ ಅವಧಿಯಲ್ಲಿ ದುಂಬಿಯಾಗಿ ಹೊರಬಂದು ಆರೋಗ್ಯವಂತ ಗಿಡಗಳ ತೊಗಟೆಯಲ್ಲಿ ಮೊಟ್ಟೆಯಿಡುತ್ತದೆ. ಹುಳು ಬಿದ್ದ ಗಿಡಗಳನ್ನು ಗುರುತಿಸಿ, ಕಿತ್ತು, ಸುಡಬೇಕೆಂಬುದು ತಜ್ಞರ ಸಲಹೆ. ಮರವನ್ನು ಉಳಿಸಿಕೊಳ್ಳುವುದಾದರೆ ಒಂದು ವಾರಕ್ಕೂ ಹೆಚ್ಚು ಕಾಲ ನೀರಿನಲ್ಲಿ ಪೂರ್ತಿ ಮುಳುಗಿಸಿಟ್ಟು ಹುಳುಗಳನ್ನು ಕೊಲ್ಲುವುದು ಅನಿವಾರ್ಯ. ಹುಳುವಿರುವ ಬೊಡ್ಡೆಯನ್ನು ಕೊಟ್ಟಿಗೆಯಲ್ಲಿ ಒಣಗಲು ಬಿಟ್ಟರೆ ಇಡೀ ತೋಟಕ್ಕೇ ಅಪಾಯ ತಂದಂತೆ. ಹುಳು ಸತ್ತ ನಂತರ ಉಳಿಯುವ ಸುರಂಗಗಳು ಮಾತ್ರ ಕುಶಲಕರ್ಮಿಗೆ ಒಂದು ಬಗೆಯ ಅಲಂಕಾರವೇ ಸರಿ. ಅವುಗಳಲ್ಲಿ ಒತ್ತಾಗಿ ತುಂಬಿರುವ ಹುಡಿಯನ್ನು ಕೆರೆದು ತೆಗೆದು ಬಣ್ಣದ ಅರಗನ್ನೋ ರಾಳವನ್ನೋ ತುಂಬಿದರೆ ಲೇಖನಿಯ ಮೇಲೆ ನದಿಯ ನಕ್ಷೆಯಂತಹ ಗೆರೆಗಳು ಮೂಡುತ್ತವೆ.

ಸಿಲ್ವರ್ ಓಕ್ ಹೆಸರಿನಲ್ಲಿ ಓಕ್ ಇದ್ದರೂ ಆ ಜಾತಿಗೆ ಸೇರಿದ್ದಲ್ಲ. ಪೂರ್ವ ಆಸ್ಟ್ರೇಲಿಯಾ ಮೂಲದ ಈ ಮರ ಚಹಾ, ಕಾಫಿ ತೋಟಗಳ ನೆರಳಿಗೆಂದು ಭಾರತಕ್ಕೆ ಬಂದಿತು. ಕಾಳು ಮೆಣಸಿನ ಬಳ್ಳಿ ಹಬ್ಬಿಸಲು ಇದರ ನೇರ ಕಾಂಡ ಅನುಕೂಲಕರ. ಮರವನ್ನು ತಿರುಳಿನಿಂದ ಹೊರಕ್ಕೆ ಹೋಗುವ ದಿಕ್ಕಿನಲ್ಲಿ ಸೀಳಿದರೆ ಅಗಲವಾದ ಕಿರಣಕೋಶಗಳು ಜರಿಯಂತೆ, ಮೀನಿನ ಪೊರೆಯಂತೆ ಹೊಳೆಯುತ್ತವೆ. ಈ ಪೊರೆಗಳು ಹಾಗೂ ಅವುಗಳ ನಡುವಿನ ಮರ ಬಣ್ಣವನ್ನು ಒಂದೇ ಪ್ರಮಾಣದಲ್ಲಿ ಹೀರುವುದಿಲ್ಲ. ಹೀಗಾಗಿ ಬಣ್ಣ ಕಟ್ಟಿದಾಗ ವಿನ್ಯಾಸ ಇನ್ನಷ್ಟು ಎದ್ದು ಕಾಣುತ್ತದೆ. ಬಣ್ಣದ ಲೇಖನಿಗೆ ಸಿಲ್ವರ್ ಓಕ್ ಒಪ್ಪುವುದು ಈ ಕಾರಣಕ್ಕೆ. ಆದರೆ ಇದರ ಹಸಿ ಮರ ಮತ್ತು ಹುಡಿ ಕೆಲವರ ಚರ್ಮಕ್ಕೆ ತುರಿಕೆ, ಗುಳ್ಳೆ ತರುತ್ತದೆ.

ಮಳೆಗಾಲದ ಲೆಕ್ಕ

ಬಣ್ಣಕ್ಕಿಂತ ಮೊದಲು ಒಣಗುವಿಕೆ. ಮೂಡಿಗೆರೆ, ಕಳಸದ ಮಳೆಗಾಲದಲ್ಲಿ ತೆರೆದ ಕೊಟ್ಟಿಗೆಯಲ್ಲಿಟ್ಟ ಮರ ಎಷ್ಟು ತಿಂಗಳು ಕಳೆದರೂ ಪೂರ್ತಿ ಒಣಗದು. ಗಾಳಿಯಲ್ಲಿರುವ ತೇವಕ್ಕೆ ಸಮನಾಗಿ ಮರವೂ ತೇವವನ್ನು ಉಳಿಸಿಕೊಳ್ಳುತ್ತದೆ. ಹೀಗೆ ಅರೆ ಒಣಗಿದ ಮರದಲ್ಲಿ ಕಡೆದ ಲೇಖನಿಯನ್ನು ರಾಯಚೂರಿಗೋ ಕಲಬುರಗಿಗೋ ಕೊಂಡೊಯ್ದರೆ ಮೊದಲ ಬೇಸಿಗೆಯಲ್ಲಿಯೇ ಬಿರುಕು ಕಾಣಿಸುತ್ತದೆ.

ಇದರ ಕಾರಣ ಲೇಖನಿಯ ರಚನೆಯಲ್ಲಿದೆ. ಸುಮಾರು 2 ಸೆಂಟಿಮೀಟರ್ ಚೌಕ, 13 ಸೆಂಟಿಮೀಟರ್ ಉದ್ದದ ತುಂಡಿಗೆ ರಂಧ್ರ ಕೊರೆದು, ಒಳಗೆ ಹಿತ್ತಾಳೆಯ ಕೊಳವೆಯನ್ನು ಅಂಟಿಸಿ, ನಂತರ ಲೇತ್ ಮೇಲೆ ಕಡೆಯಲಾಗುತ್ತದೆ. ಕೊನೆಗೆ ಕೊಳವೆಯ ಸುತ್ತ ಉಳಿಯುವ ಮರದ ದಪ್ಪ ಒಂದೆರಡು ಮಿಲಿಮೀಟರ್ ಮಾತ್ರ. ಮರ ಕುಗ್ಗಲು ಹೊರಟರೆ ಹಿತ್ತಾಳೆ ಬಿಡುವುದಿಲ್ಲ. ಆಗ ಮರ ಸೀಳುವುದೊಂದೇ ದಾರಿ. ಆದ್ದರಿಂದ ತುಂಡುಗಳನ್ನು ತೇವಾಂಶ ಶೇ. 8ರಿಂದ 12ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಒಲೆಯ ಮೇಲಿನ ಅಟ್ಟ ಮಲೆನಾಡಿನ ಮನೆಗಳಲ್ಲಿ ಹಿಂದಿನಿಂದಲೂ ಇರುವ ಒಣಗಿಸುವ ವ್ಯವಸ್ಥೆ. ತೇವಮಾಪಕ ಇಲ್ಲದವರು ತುಂಡನ್ನು ವಾರಕ್ಕೊಮ್ಮೆ ಅಕ್ಕಸಾಲಿಗರ ತಕ್ಕಡಿಯಂತಹ ಸೂಕ್ಷ್ಮ ತಕ್ಕಡಿಯಲ್ಲಿ ತೂಗಬಹುದು. ಒಣ ಜಾಗದಲ್ಲಿ ಇಟ್ಟ ತುಂಡಿನ ತೂಕ ಇಳಿಯುವುದು ನಿಂತರೆ ಮರ ಸಿದ್ಧವಾಯಿತೆಂದು ಅರ್ಥ.

ತಿಳಿ ಬಣ್ಣದ ಮರಗಳಿಗೆ ಮಳೆಗಾಲದಲ್ಲಿ ಬೂಷ್ಟಿನ ನೀಲಿ ಕಲೆಯ ಕಾಟವೂ ಉಂಟು. ಕಲೆ ಹತ್ತಿದ ಮರದಲ್ಲಿ ಹಳದಿ, ಕೆಂಪು ಬಣ್ಣಗಳು ಮಂಕಾಗಿ ಕಾಣುತ್ತವೆ. ಅಂತಹ ತುಂಡುಗಳನ್ನು ಕಪ್ಪು ಅಥವಾ ಗಾಢ ಕಂದು ಬಣ್ಣಕ್ಕೆ ಮೀಸಲಿಡುವುದು ಜಾಣತನ.

ಬಣ್ಣ ಮರದೊಳಗೆ ಇಳಿಯುವ ಬಗೆ

ಬಣ್ಣಗಳಲ್ಲಿ ಎರಡು ಜಾತಿ. ನೀರಿನಲ್ಲಿ ಅಥವಾ ಸ್ಪಿರಿಟ್‌ನಲ್ಲಿ ಸಂಪೂರ್ಣ ಕರಗಿ ಮರದ ನಾರಿನೊಳಗೆ ಇಳಿಯುವ ಬಣ್ಣ ಒಂದು ಬಗೆ. ಕರಗದೆ ಸಣ್ಣ ಕಣಗಳಾಗಿ ಮೇಲ್ಮೈಯ ರಂಧ್ರಗಳಲ್ಲಿ ಕೂರುವ ವರ್ಣದ ಪುಡಿ ಮತ್ತೊಂದು ಬಗೆ. ಕೆಮ್ಮಣ್ಣು, ಕಾಡಿಗೆಯ ಮಸಿ ಎರಡನೆಯ ಗುಂಪಿಗೆ ಸೇರುತ್ತವೆ. ಕರಗುವ ಬಣ್ಣದಲ್ಲಿ ಮರದ ಎಳೆ, ಹೊಳಪು ಕಾಣುತ್ತದೆ. ಪುಡಿ ಬಣ್ಣ ಅದನ್ನು ಮುಚ್ಚುತ್ತದೆ, ಆದರೆ ಬಿಸಿಲಿಗೆ ಮಾಸುವುದು ಕಡಿಮೆ. ಲೇಖನಿಗೆ ಸಾಮಾನ್ಯವಾಗಿ ಬಳಸುವುದು ಕರಗುವ ಬಣ್ಣವನ್ನು.

ಬಣ್ಣ ಕಟ್ಟಲು ಎರಡು ಮಾರ್ಗಗಳಿವೆ. ಮೊದಲನೆಯದು, ಕಡೆದು ಮುಗಿಸಿದ ಮೇಲೆ ಮೇಲ್ಮೈಗೆ ಬಣ್ಣ ಕೊಡುವುದು. ಕಡೆದ ಮರವನ್ನು 320 ಅಥವಾ 400ರ ಮರಳು ಕಾಗದದಿಂದ ನಯಗೊಳಿಸಿ, ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಬೇಕು. ನೀರು ತಗುಲಿದೊಡನೆ ಮರದ ಸಣ್ಣ ನಾರುಗಳು ರೋಮದಂತೆ ಎದ್ದು ನಿಲ್ಲುತ್ತವೆ. ಒಣಗಿದ ನಂತರ ಅವನ್ನು ಹಗುರವಾಗಿ ಉಜ್ಜಿ ತೆಗೆಯಬೇಕು. ಹೀಗೆ ಮಾಡಿದ ಮೇಲೆ ಬಣ್ಣದ ನೀರು ತಗುಲಿದಾಗ ನಾರು ಮತ್ತೆ ಏಳುವುದು ಬಹಳ ಕಡಿಮೆ. ಬಣ್ಣವನ್ನು ತೆಳುವಾಗಿ ಎರಡು ಮೂರು ಬಾರಿ ಕೊಡುವುದು, ಒಂದೇ ಬಾರಿ ಗಾಢವಾಗಿ ಕೊಡುವುದಕ್ಕಿಂತ ಮೇಲು. ಅಡ್ಡ ಕೊಯ್ದ ತುದಿಗಳು ಬಣ್ಣವನ್ನು ಅತಿಯಾಗಿ ಹೀರಿ ಕಪ್ಪಾಗುವುದರಿಂದ ಅಲ್ಲಿ ಮೊದಲು ಬರಿ ನೀರು ಸವರುವುದು ವಾಡಿಕೆ. ಬಣ್ಣದ ನಂತರ ಕನಿಷ್ಠ ಒಂದು ದಿನ ಒಣಗಲು ಬಿಡಬೇಕು. ಮಳೆಗಾಲದಲ್ಲಿ ಎರಡು ದಿನ.

ಎರಡನೆಯದು, ಕಡೆಯುವ ಮುನ್ನವೇ ಇಡೀ ತುಂಡಿಗೆ ಬಣ್ಣ ಇಳಿಸುವುದು. ಬರಿದೆ ನೆನೆಹಾಕಿದರೆ ಬಣ್ಣ ತುದಿಗಳಿಂದ ಒಂದಿಷ್ಟು ಒಳಹೋಗುತ್ತದೆಯೇ ಹೊರತು ಬದಿಗಳಿಂದ ಹೆಚ್ಚು ಇಳಿಯದು. ಏಕೆಂದರೆ ಮರದ ಕೊಳವೆಗಳಲ್ಲಿ ಗಾಳಿ ತುಂಬಿರುತ್ತದೆ. ಚೆನ್ನಾಗಿ ಒಣಗಿಸಿದ ತುಂಡನ್ನು ಬಣ್ಣ ಬೆರೆಸಿದ ತೆಳು ರಾಳದಲ್ಲಿ ಮುಳುಗಿಸಿ, ಪಾತ್ರೆಯೊಳಗಿನ ಗಾಳಿಯನ್ನು ಪಂಪಿನಿಂದ ಎಳೆದರೆ ಮರದೊಳಗಿನ ಗಾಳಿ ಗುಳ್ಳೆಗಳಾಗಿ ಹೊರಬರುತ್ತದೆ. ಗುಳ್ಳೆ ನಿಂತ ಮೇಲೆ ಪಂಪು ನಿಲ್ಲಿಸಿ ಗಾಳಿ ಒಳಬಿಟ್ಟಾಗ ವಾತಾವರಣದ ಒತ್ತಡವೇ ದ್ರವವನ್ನು ಮರದೊಳಕ್ಕೆ ನೂಕುತ್ತದೆ. ನಂತರ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ರಾಳ ಗಟ್ಟಿಯಾಗುತ್ತದೆ. ಇಂತಹ ತುಂಡನ್ನು ಎಷ್ಟು ಕಡೆದರೂ ಬಣ್ಣ ಹೋಗದು, ತೇವಕ್ಕೆ ಹಿಗ್ಗುವುದು ಕುಗ್ಗುವುದೂ ಕಡಿಮೆ. ಹುಳು ತಿಂದ, ಮೆದುವಾದ ಮರವನ್ನು ಉಳಿಸಿಕೊಳ್ಳಲು ಇದು ಒಳ್ಳೆಯ ಮಾರ್ಗ. ಆದರೆ ಅದು ಅರ್ಧ ಮರ, ಅರ್ಧ ಪ್ಲಾಸ್ಟಿಕ್ ಆಯಿತೆಂಬುದನ್ನು ಮರೆಯುವಂತಿಲ್ಲ.

ಮರದ ಮೂಲ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಹಳದಿ ಛಾಯೆಯ ಮರಕ್ಕೆ ನೀಲಿ ಕೊಟ್ಟರೆ ದೊರೆಯುವುದು ಹಸಿರು. ಆದ್ದರಿಂದ ಅದೇ ಮರದ ಚೂರಿನ ಮೇಲೆ ಮೊದಲು ಪರೀಕ್ಷಿಸಿ, ಮೇಲೆ ಅರಗೋ ಎಣ್ಣೆಯೋ ಸವರಿ ನೋಡಿದ ನಂತರವೇ ಬಣ್ಣ ನಿರ್ಧರಿಸಬೇಕು.

ಮಲೆನಾಡಿನ ಬಣ್ಣದ ಕಣಜ

ಕಾಫಿ ನಾಡು ಅಡಿಕೆಯ ನಾಡೂ ಹೌದು. ಕೆಂಪಡಿಕೆ ತಯಾರಿಸುವಾಗ ಸುಲಿದ ಎಳೆಯ ಅಡಿಕೆಯನ್ನು ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ಕಷಾಯವೇ ಚೊಗರು. ಬಟ್ಟೆಗೆ ತಗುಲಿದರೆ ಹೋಗದ ಈ ಕಲೆಯ ಅನುಭವ ಮಲೆನಾಡಿನ ಪ್ರತಿ ಮನೆಗೂ ಇದೆ. ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಸಂಸ್ಥೆ ಕೈಮಗ್ಗದ ಬಟ್ಟೆಗೆ ಅಡಿಕೆಯ ಬಣ್ಣವನ್ನು ಬಳಸಿ ಇದಕ್ಕೊಂದು ಮಾರುಕಟ್ಟೆಯ ಹೆಸರು ತಂದುಕೊಟ್ಟಿದೆ. ಚೊಗರಿನಲ್ಲಿರುವ ಟ್ಯಾನಿನ್ ಮರದ ನಾರಿಗೂ ಚೆನ್ನಾಗಿ ಅಂಟುತ್ತದೆ. ಸೋಸಿದ ಚೊಗರನ್ನು ಮೂರು ನಾಲ್ಕು ಬಾರಿ ಹಚ್ಚಿದರೆ ಸಿಲ್ವರ್ ಓಕ್ ಇಟ್ಟಿಗೆ ಗೆಂಪಿನಿಂದ ಕಂದಿಗೆ ತಿರುಗುತ್ತದೆ.

ಹಲಸಿನ ಮರದ ತಿರುಳಿನ ಹುಡಿಯನ್ನು ನೀರಿನಲ್ಲಿ ಕುದಿಸಿದರೆ ಹಳದಿ ಬಣ್ಣ ಇಳಿಯುತ್ತದೆ. ಆಗ್ನೇಯ ಏಷ್ಯಾದ ಬೌದ್ಧ ಭಿಕ್ಷುಗಳ ಕಾಷಾಯಕ್ಕೆ ಬಣ್ಣ ನೀಡಿದ್ದು ಇದೇ ಹಲಸು. ಚಿಟಿಕೆ ಪಟಿಕ ಸೇರಿಸಿದರೆ ಬಣ್ಣ ತಿಳಿಯಾಗಿ, ಬಲವಾಗಿ ಕೂರುತ್ತದೆ. ಮರಗೆಲಸದ ಅಂಗಡಿಗಳಲ್ಲಿ ಹಲಸಿನ ಹುಡಿ ದಂಡವಾಗಿ ಬಿದ್ದಿರುತ್ತದೆ ಎಂಬುದು ಗಮನಾರ್ಹ. ಅರಿಸಿನದ ಹಳದಿ ಇದಕ್ಕಿಂತ ಪ್ರಖರ, ಆದರೆ ಬಿಸಿಲು ಕಂಡೊಡನೆ ಮಾಸುತ್ತದೆ. ಅಂಗಿಯ ಜೇಬಿನಲ್ಲಿ ದಿನವಿಡೀ ಬೆಳಕಿಗೆ ಒಡ್ಡಿಕೊಳ್ಳುವ ಲೇಖನಿಗೆ ಅರಿಸಿನ ತಕ್ಕುದಲ್ಲ.

ಪಶ್ಚಿಮ ಘಟ್ಟದ ಕಾಡುಗಳಲ್ಲಿ ಹಬ್ಬುವ ಮಂಜಿಷ್ಠ ಬಳ್ಳಿಯ ಬೇರು ಕೆಂಪು ನೀಡುತ್ತದೆ. ಕುಂಕುಮದ ಮರದ ಕಾಯಿಯ ಮೇಲಿನ ಕೆಂಪು ಹುಡಿಯಿಂದ ಕಿತ್ತಳೆ ಬಣ್ಣ ಸಿಗುತ್ತದೆ. ಇದು ಬರಿ ನೀರಿನಲ್ಲಿ ಕರಗದು. ಸೋಡಾದಂತಹ ಕ್ಷಾರ ಬೇಕು. ದಾಳಿಂಬೆ ಸಿಪ್ಪೆ ಕಂದು ಮಿಶ್ರಿತ ಹಳದಿಗೆ ಹೆಸರುವಾಸಿ. ನೀಲಿಯ ವಿಷಯ ಬೇರೆ. ನೀಲಿ ಗಿಡದ ಬಣ್ಣ ನೀರಿನಲ್ಲಿ ಕರಗದಿರುವುದರಿಂದ ಬಟ್ಟೆಗೆ ಕಟ್ಟಲು ಹುದುಗುವ ತೊಟ್ಟಿಯೇ ಬೇಕು. ಮರದ ಕೆಲಸದಲ್ಲಿ ಅದನ್ನು ಪುಡಿಯಾಗಿ ಅರಗಿನಲ್ಲಿ ಬೆರೆಸುವುದೇ ಸುಲಭ.

ಕಾಫಿ ನಾಡಿನ ಲೇಖನಿಗೆ ಕಾಫಿಯದೇ ಬಣ್ಣ ಏಕಾಗಬಾರದು ಎಂಬ ಪ್ರಶ್ನೆ ಸಹಜ. ಗಟ್ಟಿ ಡಿಕಾಕ್ಷನ್ ಮರಕ್ಕೆ ತಿಳಿ ಕಂದು ನೀಡುತ್ತದೆ ಅಷ್ಟೆ. ಎಷ್ಟು ಬಾರಿ ಹಚ್ಚಿದರೂ ಬೀಟೆಯ ಗಾಢತೆ ಬರದು. ಆದರೆ ಅದಕ್ಕೆ ಕಬ್ಬಿಣದ ದ್ರಾವಣ ತಾಗಿಸಿದರೆ ಕಾಫಿಯಲ್ಲಿರುವ ಕ್ಲೋರೋಜೆನಿಕ್ ಆಮ್ಲ ಪ್ರತಿಕ್ರಿಯಿಸಿ ಹಸಿರು ಮಿಶ್ರಿತ ಬೂದು ಬಣ್ಣಕ್ಕೆ ತಿರುಗುತ್ತದೆ.

ಕಪ್ಪು: ಮಸಿಯೂ ಅದೇ, ಬಣ್ಣವೂ ಅದೇ

ಕಬ್ಬಿಣ ಮತ್ತು ಟ್ಯಾನಿನ್ ಸೇರಿದರೆ ಕಪ್ಪು. ಅಳಲೆಕಾಯಿ ಮತ್ತು ಕಬ್ಬಿಣದಿಂದ ಮಸಿ ಮಾಡುವ ವಿದ್ಯೆ ನಮ್ಮಲ್ಲಿ ಹಳೆಯದು. ಯೂರೋಪಿನಲ್ಲಿ ಓಕ್ ಮರದ ಗಂಟುಕಾಯಿಗಳಿಂದ ಮಾಡಿದ ಮಸಿಯ ರಸಾಯನವೂ ಇದೇ. ಶತಮಾನಗಳ ಕಾಲ ಲೇಖನಿಯ ಒಳಗಿದ್ದ ವಸ್ತುವೇ ಲೇಖನಿಯ ಹೊರಮೈಗೂ ಬಣ್ಣವಾಗಬಲ್ಲದು.

ವಿಧಾನ ಸರಳ. ಎಣ್ಣೆ ತೊಳೆದ ಕಬ್ಬಿಣದ ಮೊಳೆಗಳನ್ನೋ ಪಾತ್ರೆ ಉಜ್ಜುವ ಕಬ್ಬಿಣದ ನಾರನ್ನೋ ವಿನೆಗರ್‌ನಲ್ಲಿ ಒಂದು ವಾರ ನೆನೆಹಾಕಿ ಸೋಸಿಕೊಳ್ಳಬೇಕು. ಪಾತ್ರೆಯ ಬಾಯಿ ಬಿಗಿಯಾಗಿ ಮುಚ್ಚಬಾರದು. ಒಳಗೆ ಜಲಜನಕ ಅನಿಲ ಉತ್ಪತ್ತಿಯಾಗುತ್ತದೆ. ಮರಕ್ಕೆ ಮೊದಲು ಅಳಲೆಕಾಯಿಯ ಕಷಾಯ ಕೊಟ್ಟು ಒಣಗಿಸಿ, ಮೇಲೆ ಈ ದ್ರಾವಣ ಸವರಿದರೆ ಕಣ್ಣೆದುರೇ ನೀಲಿಗಪ್ಪು ಮೂಡುತ್ತದೆ. ಅಳಲೆಯ ಬದಲು ಚೊಗರು ಬಳಸಿದರೆ ಹಸಿರು ಛಾಯೆಯ ಕಪ್ಪು ಬರುತ್ತದೆ. ಈ ಕಪ್ಪು ನಾರಿನೊಳಗೇ ಹುಟ್ಟುವುದರಿಂದ ಬಿಸಿಲಿಗೆ, ನೀರಿಗೆ ಸುಲಭವಾಗಿ ಜಗ್ಗದು. ದ್ರಾವಣ ಹಿತ್ತಾಳೆಯ ಕೊಳವೆಗೆ ತಗುಲದಂತೆ ಮಾತ್ರ ನೋಡಿಕೊಳ್ಳಬೇಕು. ಇಲ್ಲವಾದರೆ ತುದಿಗಳಲ್ಲಿ ಹಸಿರು ಕಿಲುಬು ಕಾಣಿಸುತ್ತದೆ. ಇದೇ ಕಾರಣಕ್ಕೆ ಚೊಗರು ಅಥವಾ ಅಳಲೆ ಹಚ್ಚಿದ ಒದ್ದೆ ಮರವನ್ನು ಕಬ್ಬಿಣದ ಮೇಜಿನ ಮೇಲೆ ಇಡಬಾರದು. ಬೇಡದ ಕಡೆಯಲ್ಲಿ ಕಪ್ಪು ಕಲೆ ಬೀಳುತ್ತದೆ.

ಪೇಟೆಯ ಬಣ್ಣಗಳು

1856ರಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಮೊದಲ ಕೃತಕ ನೇರಳೆ ಬಣ್ಣವನ್ನು ತಯಾರಿಸಿದ ನಂತರ ಬಣ್ಣಗಾರಿಕೆಯ ಚಿತ್ರಣವೇ ಬದಲಾಯಿತು. ಇಂದು ಮರಕ್ಕೆ ಬಳಸುವ ಕೃತಕ ಬಣ್ಣಗಳಲ್ಲಿ ಲೋಹ ಸಂಯೋಜಿತ ಬಣ್ಣಗಳು ಬೆಳಕಿಗೆ ಹೆಚ್ಚು ತಾಳುತ್ತವೆ. ಬೆಲೆಯೂ ಹೆಚ್ಚು. ಅಗ್ಗದ ಪೊಟ್ಟಣಗಳಲ್ಲಿ ಸಿಗುವ ಪ್ರಖರ ಗುಲಾಬಿ, ನೇರಳೆ, ಹಸಿರು ಬಣ್ಣಗಳು ಹೆಚ್ಚಾಗಿ ಕ್ಷಾರೀಯ ಗುಂಪಿನವು. ಮೊದಲ ನೋಟಕ್ಕೆ ಇವು ಕಣ್ಣು ಕುಕ್ಕುತ್ತವೆ, ಬಿಸಿಲಿಗೆ ಬೇಗ ಸೋಲುತ್ತವೆ. ಬಾಂಬೆ ಮಿಠಾಯಿಯಲ್ಲಿ ಬಳಸದಂತೆ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಿಷೇಧಿಸಿದ ರೋಡಮೈನ್-ಬಿ ಇದೇ ಗುಂಪಿಗೆ ಸೇರಿದೆ.

ಲೇಖನಿ ತಿನ್ನುವ ವಸ್ತುವಲ್ಲ, ನಿಜ. ಆದರೆ ಯೋಚಿಸುತ್ತಾ ಲೇಖನಿಯ ತುದಿ ಕಚ್ಚುವ ಅಭ್ಯಾಸ ಶಾಲೆಯ ಮಕ್ಕಳಿಂದ ಹಿಡಿದು ಕಚೇರಿಯ ಹಿರಿಯರವರೆಗೂ ಇದೆ. ಆದ್ದರಿಂದ ಹೆಸರು, ಗುಂಪು ನಮೂದಿಸದ ಪುಡಿಯನ್ನು ಬಳಸದಿರುವುದು ಒಳಿತು. ಹಳದಿಗಾಗಿ ಸೀಸದ ಕ್ರೋಮೇಟ್ ಇರುವ ವರ್ಣಪುಡಿ, ಮರ ಕಪ್ಪಾಗಿಸಲು ಹಿಂದೆ ಬಳಸುತ್ತಿದ್ದ ಪೊಟ್ಯಾಸಿಯಂ ಡೈಕ್ರೋಮೇಟ್ ಇವೆರಡೂ ವಿಷಕಾರಿ. ಎರಡನೆಯದು ಕ್ಯಾನ್ಸರ್‌ಕಾರಕವೆಂದು ಗುರುತಿಸಲಾದ ಗುಂಪಿಗೆ ಸೇರಿದೆ.

ಚನ್ನಪಟ್ಟಣದ ಪಾಠ

ಕಡೆದ ಮರಕ್ಕೆ ಬಣ್ಣ ಕಟ್ಟುವ ವಿದ್ಯೆಯಲ್ಲಿ ಕನ್ನಡ ನಾಡಿಗೆ ಗುರುಸ್ಥಾನ ಚನ್ನಪಟ್ಟಣದ್ದು. ಬೆಂಗಳೂರು–ಮೈಸೂರು ಹೆದ್ದಾರಿಯ ಈ ಊರಿನ ಗೊಂಬೆಗಳಿಗೆ 2005–06ನೇ ಸಾಲಿನಲ್ಲಿ ಭೌಗೋಳಿಕ ಗುರುತು ದೊರೆಯಿತು. ಇಲ್ಲಿಯ ಸಾಂಪ್ರದಾಯಿಕ ಮರ ಆಲೆ ಅಥವಾ ಹಾಲೆ ಮರ. ಬಿಳಿಯ ಬಣ್ಣ, ಎಳೆ ಕಾಣದಷ್ಟು ನಯ. ಸ್ವಾರಸ್ಯವೆಂದರೆ ಈ ಮರದ ಸಸ್ಯಶಾಸ್ತ್ರೀಯ ಹೆಸರಿನಲ್ಲಿಯೇ ಬಣ್ಣವಿದೆ. ರೈಟಿಯಾ ಟಿಂಕ್ಟೋರಿಯಾ ಎಂಬಲ್ಲಿ ಟಿಂಕ್ಟೋರಿಯಾ ಎಂದರೆ ಬಣ್ಣಗಾರರದು ಎಂದರ್ಥ. ಇದರ ಎಲೆಯಿಂದ ಒಂದು ಬಗೆಯ ನೀಲಿಯನ್ನು ತೆಗೆಯಲಾಗುತ್ತಿತ್ತು.

ಚನ್ನಪಟ್ಟಣದ ಕ್ರಮದಲ್ಲಿ ಬಣ್ಣ ಮರದೊಳಗೆ ಇಳಿಯುವುದಿಲ್ಲ. ಅರಗನ್ನು ಕಾಯಿಸಿ, ಬಣ್ಣ ಬೆರೆಸಿ, ನಾದಿ ಕಡ್ಡಿಗಳಾಗಿ ಮಾಡಿಕೊಳ್ಳುತ್ತಾರೆ. ಲೇತ್ ಮೇಲೆ ತಿರುಗುತ್ತಿರುವ ಮರಕ್ಕೆ ಕಡ್ಡಿಯನ್ನು ಒತ್ತಿದಾಗ ಉಜ್ಜುವಿಕೆಯ ಶಾಖಕ್ಕೇ ಅರಗು ಕರಗಿ ಮರವನ್ನು ಹೊದ್ದುಕೊಳ್ಳುತ್ತದೆ. ಕೇದಗೆಯ ಒಣ ಗರಿಯನ್ನು ಒತ್ತಿ ಹಿಡಿದು ಅದನ್ನು ಸಮನಾಗಿ ಹರಡಿ ಹೊಳಪು ತರುತ್ತಾರೆ. ಬಣ್ಣ ಮತ್ತು ಲೇಪ ಎರಡೂ ಒಂದೇ ಕ್ರಿಯೆಯಲ್ಲಿ ಮುಗಿಯುತ್ತದೆ. ಕುಂಚವಿಲ್ಲ, ಒಣಗುವ ಕಾಯುವಿಕೆ ಇಲ್ಲ, ತೊಳೆದು ಚೆಲ್ಲುವ ಬಣ್ಣದ ನೀರಿಲ್ಲ.

ಲೇಖನಿ ಕಡೆಯುವವರು ಇದರಿಂದ ಕಲಿಯುವುದು ಬಹಳಷ್ಟಿದೆ. ಬಣ್ಣದ ಅರಗಿನಿಂದ ಕುತ್ತಿಗೆಗೊಂದು ಪಟ್ಟಿ, ತುದಿಗೊಂದು ಮುಚ್ಚಳದ ಬಣ್ಣ ನೀಡಿ, ಉಳಿದ ಮೈಯಲ್ಲಿ ಮರದ ಎಳೆ ಕಾಣುವಂತೆ ಬಿಟ್ಟರೆ ಕಾಫಿ ಕಾಂಡದ ಅಂದ ಉಳಿಯುತ್ತದೆ. ಅರಗಿಗೆ ಮಿತಿಗಳೂ ಇವೆ. ಬೇಸಿಗೆಯ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅದು ಮೆತ್ತಗಾಗಬಹುದು. ಸ್ಪಿರಿಟ್ ಅದನ್ನು ಕರಗಿಸುತ್ತದೆ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಒದ್ದೆ ಕೈಯಲ್ಲಿಯೇ ಅರಗಿನ ಲೇಖನಿ ಹಿಡಿದರೆ ಹೊಳಪು ಹೋಗಿ ಬೆರಳಚ್ಚು ಮೂಡುವುದು ಇದೇ ಕಾರಣಕ್ಕೆ.

ಅರಗಿನೊಂದಿಗೆ ಕರ್ನಾಟಕದ ನಂಟು ಚನ್ನಪಟ್ಟಣಕ್ಕೆ ಸೀಮಿತವಲ್ಲ. ಮತದಾರರ ಬೆರಳಿಗೆ ಅಳಿಸಲಾಗದ ಶಾಯಿ ಪೂರೈಸುವ ಮೈಸೂರಿನ ಸರ್ಕಾರಿ ಕಾರ್ಖಾನೆ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಆರಂಭವಾದಾಗ ಅದರ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದಿತ್ತು. ಲ್ಯಾಕ್ ಎಂದರೆ ಇದೇ ಅರಗು.

ಲೇಪ ಯಾವುದು?

ಬೆವರು, ಎಣ್ಣೆ, ಉಜ್ಜುವಿಕೆ ಈ ಮೂರೂ ಲೇಖನಿಯ ನಿತ್ಯದ ಪಾಡು. ಲೇಪವಿಲ್ಲದೆ ಯಾವ ಬಣ್ಣವೂ ಉಳಿಯದು. ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಬಣ್ಣ ಯಾವ ದ್ರವದಲ್ಲಿ ಕರಗಿದೆಯೋ ಅದೇ ದ್ರವದ ಲೇಪವನ್ನು ಮೇಲೆ ಹಚ್ಚಬಾರದು. ಸ್ಪಿರಿಟ್‌ನಲ್ಲಿ ಕರಗಿಸಿದ ಬಣ್ಣದ ಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಬಟ್ಟೆಯಿಂದ ಉಜ್ಜಿದರೆ ಬಣ್ಣ ಎದ್ದು ಬಟ್ಟೆಗೆ ಬರುತ್ತದೆ. ನೀರಿನ ಬಣ್ಣದ ಮೇಲೆ ಸ್ಪಿರಿಟ್ ಅರಗು ಸುರಕ್ಷಿತ.

ಎಣ್ಣೆ ಮತ್ತು ಮೇಣ ಹಚ್ಚಿದ ಲೇಖನಿ ಹಿಡಿಯಲು ಹಿತ, ಮರದ ಸ್ಪರ್ಶ ಉಳಿಯುತ್ತದೆ. ವರ್ಷಕ್ಕೊಮ್ಮೆಯಾದರೂ ಮತ್ತೆ ಹಚ್ಚಬೇಕು. ಇತ್ತೀಚಿನ ಕಡೆತಗಾರರಲ್ಲಿ ಜನಪ್ರಿಯವಾಗಿರುವುದು ಸಯನೋಅಕ್ರಿಲೇಟ್, ಅಂದರೆ ಕ್ಷಣದಲ್ಲಿ ಹಿಡಿಯುವ ಗೋಂದಿನ ತೆಳು ಪದರಗಳು. ಗಾಜಿನಂತೆ ಹೊಳೆಯುತ್ತದೆ, ಬೆವರಿಗೆ ಬಗ್ಗದು. ಆದರೆ ಇದರ ಆವಿ ಕಣ್ಣು, ಮೂಗಿಗೆ ಉರಿ ತರುತ್ತದೆ. ಒಳಗಿನ ಮರ ಕುಗ್ಗಿದರೆ ಪದರ ಬಿರಿಯುತ್ತದೆ.

ಕೆಲಸಗಾರನ ಶ್ವಾಸ, ಹಳ್ಳದ ನೀರು

ಬಣ್ಣ ಕಟ್ಟಿದ ಮರವನ್ನು ಉಜ್ಜುವಾಗ ಏಳುವುದು ಬರಿ ಮರದ ಹುಡಿಯಲ್ಲ, ಬಣ್ಣದ ಹುಡಿಯೂ ಹೌದು. ಬಟ್ಟೆ ಕಟ್ಟಿಕೊಂಡರೆ ಸಾಲದು. ಸೂಕ್ಷ್ಮ ಕಣ ತಡೆಯುವ ಮುಖಗವಸು ಅಗತ್ಯ. ಬೀಟೆಯ ಹುಡಿಯೂ ಅನೇಕರಿಗೆ ಒಗ್ಗದು. ಒದ್ದೆಯಾಗಿ ಉಜ್ಜುವುದರಿಂದ ಹುಡಿ ಕಡಿಮೆಯಾಗುತ್ತದೆ.

ಬಣ್ಣದ ಉಳಿಕೆ ನೀರಿನ ಪ್ರಶ್ನೆ ಮಲೆನಾಡಿನಲ್ಲಿ ಇನ್ನೂ ಗಂಭೀರ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಭದ್ರೆ ಹರಿಯುವುದು ಕಳಸದ ಮಗ್ಗುಲಲ್ಲಿ. ಇಲ್ಲಿಯ ಸಣ್ಣ ಹಳ್ಳಕ್ಕೆ ಚೆಲ್ಲಿದ ನೀರು ಬಯಲುಸೀಮೆಯ ಕುಡಿಯುವ ನೀರನ್ನು ಸೇರುತ್ತದೆ. ಕಾಫಿ ಪಲ್ಪಿಂಗ್ ನೀರನ್ನು ಹಳ್ಳಕ್ಕೆ ಬಿಡುವ ಕುರಿತ ದೂರುಗಳನ್ನು ಕಂಡಿರುವ ಈ ಭಾಗಕ್ಕೆ ಬೇರೆ ಪಾಠ ಬೇಕಿಲ್ಲ. ಒಂದು ಲೇಖನಿಗೆ ಬೇಕಾಗುವುದು ಕೆಲವೇ ಹನಿ ಬಣ್ಣ. ಬೇಕಾದಷ್ಟನ್ನೇ ಕಲಸಿ, ಉಳಿದದ್ದನ್ನು ಶೀಶೆಯಲ್ಲಿ ಕಾಪಾಡಿ, ಕೆಟ್ಟದ್ದನ್ನು ಮರದ ಹುಡಿಗೆ ಹೀರಿಸಿ ಒಣಗಿಸುವುದು ಕಷ್ಟದ ಮಾತಲ್ಲ.

ಕೊಳ್ಳುವವರು ನೋಡಬೇಕಾದ್ದು

ಬೀಟೆಯ ಲೇಖನಿ ಎಂದು ಕೊಟ್ಟದ್ದು ನಿಜಕ್ಕೂ ಬೀಟೆಯೇ ಎಂದು ತಿಳಿಯಲು ಕೆಲವು ಸರಳ ಪರೀಕ್ಷೆಗಳಿವೆ. ಬೀಟೆ ಭಾರವಾದ ಮರ. ಅದೇ ಗಾತ್ರದ ಸಿಲ್ವರ್ ಓಕ್ ಗಮನಾರ್ಹವಾಗಿ ಹಗುರ. ಬೀಟೆಯ ನೇರಳೆ ಮಿಶ್ರಿತ ಕಪ್ಪು ಗೆರೆಗಳು ಮೇಲ್ಮೈಯಲ್ಲಿ ಆರಂಭವಾಗಿ ತುದಿಯ ಅಡ್ಡಕೊಯ್ತದಲ್ಲಿಯೂ ಮುಂದುವರಿಯುತ್ತವೆ. ಬ್ರಷ್‌ನಿಂದ ಬರೆದ ಗೆರೆ ತುದಿಯಲ್ಲಿ ನಿಂತುಬಿಡುತ್ತದೆ. ಕ್ಲಿಪ್ ಅಥವಾ ತಿರುಪು ಬಿಚ್ಚಿ ಒಳ ಅಂಚನ್ನು ನೋಡಿದರೆ ಒಳಗಿನ ತಿಳಿ ಮರ ಗೋಚರಿಸುತ್ತದೆ. ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಬಂದರೆ ಲೇಪ ಸರಿಯಿಲ್ಲವೆಂದು ಅರ್ಥ.

ಬಣ್ಣ ಕಟ್ಟುವುದು ತಪ್ಪಲ್ಲ. ಹೇಳದೆ ಕಟ್ಟುವುದು ತಪ್ಪು. ಬಣ್ಣ ಕಟ್ಟಿದ ಸಿಲ್ವರ್ ಓಕ್ ಎಂದೇ, ಚೊಗರಿನ ಬಣ್ಣದ ಕಾಫಿ ಕಾಂಡ ಎಂದೇ ಬರೆದು ಮಾರಿದ ಲೇಖನಿಗೆ ಅದರದೇ ಮರ್ಯಾದೆ ಇದೆ. ಯಾವ ಮರ, ಯಾವ ಬಣ್ಣ, ಯಾವ ಲೇಪ ಎಂಬ ಮೂರು ಸಾಲಿನ ಚೀಟಿ ಪೆಟ್ಟಿಗೆಯಲ್ಲಿದ್ದರೆ ಕೊಂಡವರಿಗೆ ಅದನ್ನು ಕಾಪಾಡುವ ಬಗೆಯೂ ತಿಳಿಯುತ್ತದೆ. ಕಾಡಿನ ಬೀಟೆಗೆ ಬೇಡಿಕೆಯ ಒತ್ತಡವೂ ಅಷ್ಟರಮಟ್ಟಿಗೆ ತಗ್ಗುತ್ತದೆ. ಕಾಂಡಕೊರಕಕ್ಕೆ ಸೋತು ಗಿಡ ಕಿತ್ತ ಬೆಳೆಗಾರನಿಗೆ ಬೊಡ್ಡೆಯೊಂದು ಸೌದೆಗಿಂತ ಹೆಚ್ಚಿನ ಬೆಲೆ ತರುವ ಸಾಧ್ಯತೆಯೂ ಈ ಸಣ್ಣ ಕೈಕೆಲಸದಲ್ಲಿ ಅಡಗಿದೆ.